ಹಲ್ಲಿಗೆ ಕೇಳಿದ ಸದ್ದು

“ಇನ್ನೊಂದ್ಸಲ ತುಳೀರಿ,” ಎಂದು ಖುದ್ದೂಸ್ ಬೆರಳೆತ್ತಿ ಸನ್ನೆ ಮಾಡಿದ.

ದುರುಗಣ್ಣ ಆಕ್ಸಿಲರೇಟರ್ ತುಳಿದ. ಬಾನೆಟ್ಟಿನ ಕೆಳಗೆ ಏನೋ ಅಳತೊಡಗಿತು. ಮೊದಲು ಸುಯ್ಯೆಂದು, ಆಮೇಲೆ ದೂರದ ಮಿಲ್ಲಿನ ಸೈರನ್ನಿನ ಹಾಗೆ ಏರುತ್ತ ಏರುತ್ತ. ಕಾಲು ತೆಗೆದಾಗ ಎಂಜಿನ್ ಇಳಿಯಿತು. ಅಳು ಮಾತ್ರ ಒಂದು ಗಳಿಗೆ ಹಿಂದೆ ಉಳಿದು, ಕರಕರ ಕೆರೆದು ನಿಂತಿತು.

ಖುದ್ದೂಸ್ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಅವನ ಎರಡೂ ಕಿವಿ ಹೋಗಿ ಆರು ವರ್ಷವಾಗಿತ್ತು. ಎರಡು ಗೇಣುದ್ದದ ಜಾಲಿ ಕಡ್ಡಿಯ ಒಂದು ತುದಿ ಎಂಜಿನ್ನಿನ ಮೇಲೆ, ಇನ್ನೊಂದು ತುದಿ ಅವನ ಹಲ್ಲುಗಳ ನಡುವೆ. ಕಬ್ಬಿಣದ ನಡುಕ ಕಡ್ಡಿಗೆ, ಕಡ್ಡಿಯಿಂದ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ. ದಾವಣಗೆರೆ, ಹರಿಹರ ಎರಡೂ ಊರಿನ ಲಾರಿ ಮಾಲೀಕರು ಈ ಹಲ್ಲನ್ನು ನಂಬಿ ಅವನ ರಿಪೇರಿ ಶೆಡ್ಡಿಗೆ ಬರುತ್ತಿದ್ದರು.

ಮಂಗಳವಾರ ಸಂಜೆ ಏಳಕ್ಕೆ ಗುತ್ತೂರಿನ ತಿರುವಿನಲ್ಲಿ ಬಟ್ಟೆ ಮಿಲ್ಲಿನ ವಾಚ್‌ಮನ್ ಮಾಲತೇಶಪ್ಪನನ್ನು ಕೆಡವಿದ್ದು ಮಿಲ್ಲಿನ ಧಣಿಯ ಇದೇ ಕಾರು. ಜನ ಸೇರುವ ಹೊತ್ತಿಗೆ ಇದರ ಪಕ್ಕ ಕೀ ಹಿಡಿದು ನಿಂತಿದ್ದವನು ಧಣಿಯ ಡ್ರೈವರ್ ಮೈಲಪ್ಪ. ಆರು ದಿನದಿಂದ ಅವನು ಹರಿಹರದ ಲಾಕಪ್ಪಿನಲ್ಲಿದ್ದ. ಓಡಿಸಿದ್ದು ನೀನೇನಾ ಎಂದರೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ನಾಳೆ ಬೆಳಿಗ್ಗೆ ಹತ್ತಕ್ಕೆ ಕೋರ್ಟಿನ ಆದೇಶದಂತೆ ಮೋಟಾರು ಇನ್‌ಸ್ಪೆಕ್ಟರ್ ಈ ಕಾರನ್ನು ನೋಡಲು ಬರುವವರಿದ್ದರು. ಅಷ್ಟರೊಳಗೆ ಓಡಿಸಿದವನು ಮೈಲಪ್ಪನಲ್ಲ ಎಂದು ಕಾರಿನ ಬಾಯಿಂದಲೇ ಹೇಳಿಸಬೇಕು. ಮೈಲಪ್ಪನನ್ನು ಬಿಡಿಸಲು ಹೊರಟ, ಕೆಲಸ ಬಿಟ್ಟ ಹೆಡ್ ಕಾನ್ಸ್‌ಟೇಬಲ್ ದುರುಗಣ್ಣನ ಹತ್ತಿರ ಬೇರೆ ದಾರಿ ಉಳಿದಿರಲಿಲ್ಲ.

“ಏನಂತೈತೆ?” ಎಂದು ದುರುಗಣ್ಣ ಬಾನೆಟ್ಟಿನ ಕಡೆ ನೋಡುತ್ತ ಕೇಳಿದ.

“ಈ ಕಡೆ ತಿರುಗಿ ಮಾತಾಡ್ರಿ ಅಣ್ಣಾರ. ತುಟಿ ಕಾಣ್ಲಿ.”

ದುರುಗಣ್ಣ ತಿರುಗಿ ಮತ್ತೆ ಕೇಳಿದ. ಖುದ್ದೂಸ್ ನಕ್ಕ.

“ಹದಿನೇಳು ವರ್ಸ ನೇಯ್ಗೆ ಖಾತೆಯಾಗೆ ಇದ್ದೆ. ಎಂಟುನೂರು ಮಗ್ಗ ಒಂದೇ ಸಲ ಬಡಿದ್ರೆ ಯಾರ ಮಾತು ಯಾರಿಗೆ ಕೇಳ್ತೈತೆ? ಎಲ್ರೂ ತುಟೀಲೆ ಮಾತಾಡೋದು. ಮೇಸ್ತ್ರಿ ಎದುರಿಗೆ ನಿಂತಿರೋವಾಗ್ಲೇ ಅವನಿಗೆ ಬೈತಿದ್ವಿ, ಅವನು ಬೀಡಿ ಸೇದ್ಕಂತ ನಗ್ತಿದ್ದ. ಕಿವಿ ಮಿಲ್ಲಿಗೆ ಹೋತು. ತುಟಿ ಓದೋದು ನನಗೆ ಉಳೀತು. ಶುಕರ್ ಅಲ್ಲಾಂದು.”

ಕಿವಿಯನ್ನು ತಿಂದ ಮಿಲ್ಲು, ಕಿವುಡನೆಂದು ಅವನನ್ನು ಹೊರಗೆ ಹಾಕಿತ್ತು. ತಿಂದದ್ದಕ್ಕೆ ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ.

“ಇದಕ್ಕೆ ಎರಡು ಸದ್ದು ಅದಾವೆ,” ಎಂದು ಖುದ್ದೂಸ್ ಕಡ್ಡಿಯಿಂದ ತೋರಿಸಿದ. “ಸುಯ್ ಅನ್ನೋದು ಇಲ್ಲಿ. ಈ ರಬ್ಬರ್ ಪೈಪಿನ ಬಿಗಿಪಟ್ಟಿ ಸಡಿಲ ಐತೆ. ಹೋದ ಸೋಮವಾರ ಸಂಜೆ ನಾನೇ ಆಯಿಲ್ ಬದಲಿಸಿ, ಗಾಳಿ ಡಬ್ಬಿಗೆ ಹೊಸ ಫಿಲ್ಟರ್ ಹಾಕಿ, ಇದನ್ನ ಬಿಗಿ ಮಾಡಿದ್ದೆ. ಮೈಲಪ್ಪಣ್ಣ ನಿಂತು ನೋಡಿದ್ದ. ಹಂಗಂದ್ರೆ ಆಮೇಲೆ ಯಾರೋ ಬಿಚ್ಯಾರೆ. ಗಡಿಬಿಡಿಯಾಗೆ ಬಿಗಿ ಮಾಡೋದು ಮರ್ತಾರೆ.”

“ಸ್ಟೇಷನ್ನಿನಾಗೆ ಬಿಚ್ಚಿರಬಹುದಲ್ಲ?”

“ಆರು ದಿನ ಇದು ಸ್ಟೇಷನ್ ಅಂಗಳದಾಗೆ ಕವರ್ ಹೊದ್ಕಂಡು ನಿಂತಿತ್ತು. ಬೆಳಿಗ್ಗೆ ಧಣಿಗಳು ಬಾಂಡ್ ಬರೆದು ಬಿಡಿಸ್ಕಂಡ್ರು. ಸ್ಟೇಷನ್ನಿನ ಜೀಪ್ ಡ್ರೈವರ್ ಸೀದಾ ಇಲ್ಲಿಗೆ ತಂದು ನಿಲ್ಸಿದ, ಧಣಿಗಳು ಸದ್ದು ನಿಲ್ಸು ಅಂದಾರೆ ಅಂದ. ಬಾನೆಟ್ ಮೇಲೆ ಪೋಲೀಸ್ರ ಅರಗಿನ ಮುದ್ರೆ ಇತ್ತು. ಒಡೆದವನು ನಾನೇ, ಅವನೆದುರಿಗೇ.”

ದುರುಗಣ್ಣ ತಲೆದೂಗಿದ. ಹಾಗಾದರೆ ಕೈ ಹಾಕಿದ್ದು ಸೋಮವಾರ ಸಂಜೆಯಿಂದ ಮಂಗಳವಾರ ಸಂಜೆಯ ಒಳಗೆ.

“ಎರಡನೇದು?”

ಖುದ್ದೂಸನ ಮುಖ ಗಂಭೀರವಾಯಿತು. ಬಸವನಹುಳುವಿನ ಚಿಪ್ಪಿನಂತಿದ್ದ ಒಂದು ಎರಕದ ಸಾಮಾನಿನ ಮೇಲೆ ಕೈಯಿಟ್ಟ.

“ಟರ್ಬೊ ಅಂದ್ರೆ ಇದೇ ಅಣ್ಣಾರ. ಎಂಜಿನ್ ಉಗುಳೋ ಹೊಗೆ ಒಂದು ಚಕ್ರ ತಿರುಗಿಸ್ತೈತೆ. ಅದೇ ಅಚ್ಚಿನ ಇನ್ನೊಂದು ತುದಿಗೆ ಇನ್ನೊಂದು ಚಕ್ರ, ಅದು ಹೊರಗಿನ ಗಾಳೀನ ಒತ್ತಿ ಒತ್ತಿ ಎಂಜಿನ್ನಿಗೆ ತುಂಬ್ತೈತೆ. ಬಿಸಾಕೋ ಹೊಗೇಲಿ ದುಡಿಮೆ ತೆಗೆಯೋದು. ಜೋರಾಗಿ ಓಡಿಸಿದ್ರೆ ಕುಲುಮೆ ಕಬ್ಬಿಣದಂಗೆ ಕೆಂಪಾಗ್ತೈತೆ. ಅಚ್ಚು ಉಳಿಯೋದು ಆಯಿಲ್‌ನಿಂದ. ಗಾಡಿ ನಿಂತ ಮ್ಯಾಲೆ ಎರಡು ನಿಮಿಷ ಎಂಜಿನ್ ಸುಮ್ಮನೆ ಓಡ್ತಿರಬೇಕು, ಆಯಿಲ್ ಹರೀತಾ ಇರಬೇಕು. ತಟ್ ಅಂತ ಕೀ ತಿರುವಿದ್ರೆ ಆಯಿಲ್ ಅಲ್ಲೇ ಸುಟ್ಟು ಕರಕಲಾಗಿ ಅಚ್ಚಿಗೆ ಹತ್ಕಂತೈತೆ. ಆಮೇಲೆ ಹಿಂಗೆ ಅಳ್ತೈತೆ.”

“ಒಂದೇ ಸಲಕ್ಕೆ?”

“ಬರೇ ಒಂದು ಸಲಕ್ಕೆ ಆಗಲ್ಲ. ಉಸಿರು ಕಟ್ಟಿದ ಎಂಜಿನ್ನು ಇದು. ಉಸಿರು ಕಟ್ಟಿಸಿ, ಗದರಿಸಿ ಓಡಿಸಿ, ನಿಲ್ಲಿಸಿದ ಗಳಿಗೇಲೇ ಕತ್ತು ಹಿಸುಕ್ಯಾರೆ. ಒಂದೇ ದಿನದಾಗೆ ಎರಡು ಮೂರು ಸಲ. ಸೋಮವಾರ ಇದೇ ಕಡ್ಡಿ ಕಚ್ಚಿ ನೋಡೀನಿ, ಹಾಲು ಕುದಿದಂಗೆ ಇತ್ತು ಎಂಜಿನ್ನು.”

“ಮೈಲಪ್ಪ?”

“ಮೈಲಪ್ಪಣ್ಣನಾ!” ಖುದ್ದೂಸ್ ಕಡ್ಡಿ ಕೆಳಗಿಟ್ಟ. “ಕುವೈತಿನಾಗಿರೋ ನಮ್ಮ ಭಾವ ಮುನಾಫ್ ಕಾಗದ ಬರೆದು ಈ ಎರಡು ನಿಮಿಷದ ಗುಟ್ಟು ಹೇಳಿದ. ನಾನು ಮೈಲಪ್ಪಣ್ಣಗೆ ಹೇಳಿದೆ. ಅವತ್ತಿಂದ ಎಲ್ಲಿ ನಿಲ್ಸಿದ್ರೂ ಎಂಜಿನ್ ಓಡಿಸ್ಕಂಡೇ ಕೂತು ಒಂದು ಎಲೆ ಅಡಿಕೆ ಹಾಕ್ಕಂತಾನೆ. ಅದನ್ನ ಅಗಿದು ಮುಗಿದ ಮ್ಯಾಲೇ ಕೀ. ಮದುವಿ ಮನೇಲಿ ಜನ ನಗ್ತಾರೆ, ಧಣಿಗಳು ಪೆಟ್ರೋಲ್ ಸುಡ್ತಾನೆ ಅಂತ ಬೈತಾರೆ. ಬಿಟ್ಟಿಲ್ಲ.”

ಅವನು ಗ್ರೀಸಿನ ಕೈಯನ್ನು ಅರಿವೆಗೆ ಒರೆಸಿಕೊಂಡ.

“ಮಿಲ್ಲಿನಿಂದ ಹೊರಗೆ ಹಾಕಿದಾಗ ಈ ಶೆಡ್ಡಿನಾಗೆ ಒಂದು ಸ್ಪ್ಯಾನರ್ ಇಟ್ಕಂಡು ಮೂರು ತಿಂಗಳು ಕೂತೆ. ಕಿವುಡನ ಹತ್ರ ಯಾರು ಗಾಡಿ ತರ್ತಾರೆ? ಮೈಲಪ್ಪಣ್ಣ ತಂದ. ಕಿವಿ ಇಲ್ಲದಿದ್ರೆ ಹಲ್ಲು ಐತಲ್ಲೋ ಅಂತ ಈ ಜಾಲಿ ಕಡ್ಡಿ ಮುರಿದು ಕೊಟ್ಟವನು ಅವನೇ. ಅವರಪ್ಪ ಎಣ್ಣೆ ಗಿರಣಿ ಎಂಜಿನ್ನಿಗೆ ಹಂಗೆ ಮಾಡ್ತಿದ್ನಂತೆ. ನನ್ನ ಮಕ್ಕಳು ತಿನ್ನೋ ಅನ್ನದಾಗೆ ಅವನ ಕೈ ಐತೆ ಅಣ್ಣಾರ. ಈಗ ಈ ಹಲ್ಲು ಅವನಿಗೆ ಕೆಲಸಕ್ಕೆ ಬರ್ಲಿಲ್ಲಾಂದ್ರೆ ಯಾಕ ಬೇಕು?”

“ಆ ಕಳ್ಳನ್ನ ಹೊಗಳಬ್ಯಾಡ್ರಿ ನನ್ನೆದುರಿಗೆ!”

ಹೊಂಗೆ ಮರದ ಕೆಳಗೆ ಕೂತಿದ್ದ ಹೆಂಗಸು ದಡಕ್ಕನೆ ಎದ್ದಳು. ಮಾಲತೇಶಪ್ಪನ ಹೆಂಡತಿ ಸುಂಕಲಮ್ಮ. ಕಂಕುಳಲ್ಲಿ ಬಟ್ಟೆಗಂಟು, ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಅರ್ಧ ತಾಸಿನಿಂದ ಅಲ್ಲೇ ಇದ್ದಳು.

“ನಮ್ಮ ಯಜಮಾನ್ರು ಆರು ದಿನದಿಂದ ಕಣ್ಣು ಬಿಟ್ಟಿಲ್ಲ. ಆ ಮೈಲಪ್ಪನ ಕೈ ಸೇದಿ ಹೋಗ್ಲಿ! ಎಲೆ ಅಡಿಕೆ ಅಗೀತಿದ್ನಂತೆ, ಎಲೆ ಅಡಿಕೆ!”

“ತಾಯಿ, ಕೂಡ್ರಿ,” ಎಂದ ದುರುಗಣ್ಣ. “ನೀವು ಆಸ್ಪತ್ರೆ ಬಿಟ್ಟು ಇಲ್ಲಿ ಯಾಕ ಕುಂತೀರಿ?”

ಅವಳ ಮುಖದ ಸಿಟ್ಟು ಕರಗಿತು. “ಧಣಿಗಳು ದೇವ್ರು ಕಣಪ್ಪ. ದಾವಣಗೆರೆಯಾಗೆ ಆಗಲ್ಲ, ಹುಬ್ಬಳ್ಳಿ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ ಅಂದ್ರು. ಖರ್ಚು ಪೂರಾ ಅವರದೇ. ಬಟ್ಟೆ ತರಾಕೆ ಮನೆಗೆ ಹೋಗು, ವಾಪಸ್ ಬರೋದು ಬ್ಯಾಡ, ಸಾಬರ ಶೆಡ್ಡಿನ ಹತ್ರ ನಿಂತಿರು, ನಾಲ್ಕಕ್ಕೆ ವ್ಯಾನು ಅದೇ ದಾರೀಲಿ ಬರ್ತೈತೆ, ಹತ್ತಿಸ್ಕಂತಾರೆ ಅಂತ ಮೇನೇಜರ್ ಹೇಳ್ಯಾರೆ. ಆಸ್ಪತ್ರೆ ಬಿಡಿಸೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದೀನಿ.”

ಅಷ್ಟು ಹೇಳಿ ಪೊಟ್ಟಣ ಬಿಚ್ಚಿ ಇಬ್ಬರ ಮುಂದೂ ಹಿಡಿದಳು. ಬೈದ ಬಾಯಿಯೇ ಈಗ “ತಿನ್ರಿ, ಹಸ್ಕಂಡೀರಿ” ಎಂದಿತು. ದುರುಗಣ್ಣ ಒಂದು ಹಿಡಿ ತೆಗೆದುಕೊಂಡ.

ನಿನ್ನೆ ಲಾಕಪ್ಪಿನ ಸರಳ ಹಿಂದೆ ಮೈಲಪ್ಪ ಹೇಳಿದ್ದೂ ಇಂಥದೇ ಮಾತು. ಮಗಳ ಹೆರಿಗೆ ಕಷ್ಟವಾದಾಗ ಧಣಿ ಇದೇ ಕಾರು ಕಳಿಸಿದ್ದರಂತೆ. “ಅವತ್ತು ಕಾರು ಬರದಿದ್ರೆ ಮಗಳು ಇರ್ತಿರಲಿಲ್ಲ ದುರುಗಣ್ಣ. ನನ್ನ ಬಾಯಿ ಬಿಡಿಸಬ್ಯಾಡ.” ಇಪ್ಪತ್ತೆರಡು ವರ್ಷದ ದುಡಿಮೆಗೆ ಒಂದು ರಾತ್ರಿ ಕಾರು ಕಳಿಸಿದರೆ ಬಾಕಿ ತೀರಿಹೋಗುತ್ತದೆ, ಆಳು ಮಾತ್ರ ಜೀವಮಾನ ಋಣದಲ್ಲಿರಬೇಕು. ಬಡವರ ಬೆವರು ಸಾಲದೆ ಅವರ ಉಪಕಾರ ಸ್ಮರಣೆಯನ್ನೂ ದೋಚುವುದನ್ನು ಈ ಜನ ಯಾವ ಶಾಲೆಯಲ್ಲಿ ಕಲಿತರೋ.

“ಖುದ್ದೂಸ್, ಉಸಿರು ಕಟ್ಟಿತ್ತು ಅಂದೆಯಲ್ಲ, ಹೆಂಗೆ?”

ಖುದ್ದೂಸ್ ಗಾಳಿಯ ಡಬ್ಬಿಯ ಮುಚ್ಚಳ ತೆಗೆದ. ಒಳಗಿನ ಫಿಲ್ಟರನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದ.

ಸೋಮವಾರ ಹಾಕಿದ ಹೊಸ ಫಿಲ್ಟರ್. ಅದರ ಮಡಿಕೆ ಮಡಿಕೆಯಲ್ಲೂ ಬೆಳ್ಳಗಿನ ನವಿರು ತುಂಬಿಕೊಂಡು, ಕಂಬಳಿಯ ಹಾಗೆ ದಪ್ಪವಾಗಿತ್ತು. ಮಧ್ಯೆ ಯಾರೋ ಬೆರಳಿನಿಂದ ಗೀಚಿ ಒಂದಷ್ಟು ಕಿತ್ತ ಗುರುತು.

ಸುಂಕಲಮ್ಮ ಹತ್ತಿರ ಬಂದಳು. ಒಂದು ಎಳೆಯನ್ನು ಬೆರಳಲ್ಲಿ ಹೊಸೆದಳು.

“ಹತ್ತಿ ನವಿರು ಇದು,” ಎಂದಳು. “ಅರಳೆ ಖಾತೆಯಾಗೆ ಮಿಷಿನ್ ತಿರುಗೋವಾಗ ಹಾರೋದು. ಹನ್ನೊಂದು ವರ್ಸ ಈ ಮೂಗಿನಾಗೆ ತುಂಬ್ಕಂಡೀನಿ. ಇದು ಕಾರಿಗೆ ಎಲ್ಲಿಂದ ಬಂತು?”

ದುರುಗಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆ ಮಿಲ್ಲಿಗೆ ಲಾಕೌಟ್ ಆಗಿ ಐದು ತಿಂಗಳು. ಗೇಟಿಗೆ ಬೀಗ, ಬೀಗಕ್ಕೆ ಮುದ್ರೆ. ನಷ್ಟವಾಗಿದೆ, ಒಂದು ಅರಳೆಯೂ ಉಳಿದಿಲ್ಲ ಎಂದು ಧಣಿ ಕಾರ್ಮಿಕ ಸಂಘದವರ ಮುಂದೆ ಕಣ್ಣೀರು ಹಾಕಿದ್ದರು. ಆದರೆ ಮಂಗಳವಾರ ಒಳಗೆ ಕದ್ದುಮುಚ್ಚಿ ಯಂತ್ರ ತಿರುಗಿದೆ. ಈ ಕಾರು ಎಂಜಿನ್ ಓಡಿಸಿಕೊಂಡೇ ಒಳಗೆ ನಿಂತಿದೆ, ಅಲ್ಲಿಯ ಗಾಳಿಯನ್ನು ಹೀರಿದೆ. ಗೇಟು ಕಾಯುತ್ತಿದ್ದ ಮಾಲತೇಶಪ್ಪ ಅದನ್ನು ನೋಡಿದ್ದಾನೆ.

ಸುದ್ದಿ ಹೇಳಲು ಅವನು ಸಂಘದ ಕಚೇರಿಗೆ ಓಡುತ್ತಿದ್ದನೇ? ಗುತ್ತೂರಿನ ತಿರುವು ಅದೇ ದಾರಿಯಲ್ಲಿತ್ತು.

ಅಷ್ಟರಲ್ಲಿ ಖುದ್ದೂಸ್ ದುರುಗಣ್ಣನ ತೋಳು ಹಿಡಿದ. ರಸ್ತೆಯ ಕಡೆ ಗದ್ದವೆತ್ತಿ ತೋರಿಸಿದ.

ಕಪ್ಪು ಅಂಬಾಸಿಡರ್ ಸದ್ದಿಲ್ಲದೆ ಬರುತ್ತಿತ್ತು. ನೂರು ಮಾರು ದೂರದಲ್ಲೇ ಎಂಜಿನ್ ಆರಿಸಿ, ಇಳಿಜಾರಿನಲ್ಲಿ ತಾನಾಗಿ ಉರುಳಿ ಬಂದು ಹೊಂಗೆ ಮರದ ಆಚೆ ನಿಂತಿತು. ಕೀ ಅದಾಗಲೇ ಓಡಿಸುತ್ತಿದ್ದವನ ಬೆರಳಲ್ಲಿ ನೇತಾಡುತ್ತಿತ್ತು.

ಓಡಿಸಿಕೊಂಡು ಬಂದವರು ಧಣಿ ವಾಗೀಶಪ್ಪ. ಪಕ್ಕದಲ್ಲಿ ಮೇನೇಜರ್.

“ನೋಡಿದ್ರಾ?” ಎಂದ ಖುದ್ದೂಸ್ ಪಿಸುಗುಟ್ಟಿ. “ಗಾಡಿ ನಿಲ್ಲೋಕೆ ಮುಂಚೆನೇ ಕತ್ತು ಹಿಸುಕ್ತಾರೆ.”

ದುರುಗಣ್ಣ ನೋಡಿದ್ದ. ನಾಲ್ಕು ಹನಿ ಪೆಟ್ರೋಲು ಉಳಿಸುವ ಆ ಕೈಯನ್ನೇ ನೋಡುತ್ತಿದ್ದ.

ವಾಗೀಶಪ್ಪ ಇಳಿದವರೇ ಖುದ್ದೂಸನ ಮುಂದೆ ನಿಂತು, ತಮ್ಮ ಕಿವಿ ಮುಟ್ಟಿ ಕೈ ಅಲ್ಲಾಡಿಸಿ, ಊರಿಗೇ ಕೇಳುವಂತೆ ಕೂಗಿದರು. “ಏನೋ ಕಿವುಡಾ! ಸದ್ದು! ನಿಲ್ತಾ? ಹಳೇ ಸಾಮಾನು ಏನು ಬಿಚ್ಚಿದ್ರೂ ನನಗೆ ಕೊಡಬೇಕು. ತಿಳೀತಾ?”

ಖುದ್ದೂಸ್ ತಿಳಿಯದವನ ಹಾಗೆ ತಲೆ ಕೆರೆದುಕೊಂಡ. ಅವನ ತುಟಿಯ ಮೂಲೆಯಲ್ಲಿ ಹಳೆಯ ನೇಯ್ಗೆ ಖಾತೆಯ ನಗು ಇತ್ತು.

“ಹಳೇ ಸಾಮಾನು ನಾಳೆ ಇನ್‌ಸ್ಪೆಕ್ಟರ್ರಿಗೆ ಕೊಡ್ತೀವಿ ಧಣಿ,” ಎಂದ ದುರುಗಣ್ಣ.

“ಓಹೋ, ಹೆಡ್ ಕಾನ್ಸ್‌ಟೇಬಲ್ರು! ಲಾಠಿ ಬೀಸಾಕೆ ಆಗದೆ ಕೆಲಸ ಬಿಟ್ಟೋರು!”

“ಬೀಸಾಕೆ ಬರ್ತಿತ್ತು. ಯಾರ ಮ್ಯಾಲೆ ಅನ್ನೋದ್ರಾಗೆ ತಕರಾರು. ಮಂಗಳವಾರ ಸಂಜೆ ತಾವು ಎಲ್ಲಿದ್ರಿ?”

“ಮಂಡಿಪೇಟೆಯಾಗೆ. ದಲಾಲಿ ಅಂಗಡೀಲಿ ಹತ್ತು ಜನ ನೋಡ್ಯಾರೆ.”

“ಎಷ್ಟು ಗಂಟೆಗೆ?”

“ಒಂಬತ್ತಕ್ಕೆ.”

“ನಾನು ಕೇಳಿದ್ದು ಏಳು ಗಂಟೆ ಮಾತು.”

ವಾಗೀಶಪ್ಪನ ಕಣ್ಣು ಒಂದು ಸಲ ಮಿಟುಕಿತು. “ಕಾರು ಮೈಲಪ್ಪನ ಹತ್ರ ಇತ್ತು. ಕುಡಿದು ಎಲ್ಲಿ ಅಲೆದನೋ.”

“ಮಿಲ್ಲಿಗೆ ಹೋಗಿತ್ತಾ?”

“ಬೀಗ ಬಿದ್ದ ಮಿಲ್ಲಿಗೆ? ನಿಮ್ಮ ತಲೆ ಸರಿ ಐತಾ?”

ದುರುಗಣ್ಣ ಬೆಂಚಿನ ಮೇಲಿದ್ದ ಫಿಲ್ಟರ್ ಎತ್ತಿ ತೋರಿಸಿದ. “ಹಂಗಾದ್ರೆ ಇದು?”

ಧಣಿಯ ಮುಖದ ಬಣ್ಣ ಇಳಿಯಿತು. ಮೇನೇಜರ್ ಮಾತ್ರ ನಗುತ್ತ ಮುಂದೆ ಬಂದ. “ಏನ್ರಿ ಅದು, ಕೊಡ್ರಿ ನೋಡಾಣ,” ಎಂದು ಕೈ ಚಾಚಿದ. ದುರುಗಣ್ಣ ಹಿಂದೆಗೆಯುವಷ್ಟರಲ್ಲಿ ಕಿತ್ತುಕೊಂಡಿದ್ದ. ಟ್ಯೂಬಿಗೆ ತೇಪೆ ಹಾಕಲು ಉರಿಯುತ್ತಿದ್ದ ಇದ್ದಿಲ ಅಗ್ಗಿಷ್ಟಿಕೆಯೊಳಗೆ ಅದು ಬಿತ್ತು. ಹತ್ತಿ ಭಗ್ಗೆಂದಿತು. ಸುಂಕಲಮ್ಮ ಚೀರಿದಳು. ಖುದ್ದೂಸ್ ಇಕ್ಕಳ ಹಾಕಿ ಎಳೆಯುವ ಹೊತ್ತಿಗೆ ಬರೀ ತಗಡಿನ ಬಳೆ ಉಳಿದಿತ್ತು.

“ಅಯ್ಯೋ, ಕೈ ಜಾರ್ತು,” ಎಂದ ಮೇನೇಜರ್.

ವಾಗೀಶಪ್ಪ ಈಗ ನಿರಾಳವಾಗಿ ನಕ್ಕರು. “ಇನ್ನೇನೈತೆ ನಿಮ್ಮ ಹತ್ರ? ಸದ್ದಾ? ಕೋರ್ಟಿನಾಗೆ ಸದ್ದಿನ ಬಗ್ಗೆ ಕಿವುಡ ಸಾಕ್ಷಿ ಹೇಳ್ತಾನಂತೆ! ಜಡ್ಜು ಸಾಹೇಬ್ರು ನಕ್ಕು ಕುರ್ಚಿಯಿಂದ ಬಿದ್ದಾರು.”

ಖುದ್ದೂಸ್ ಸದ್ದಿಲ್ಲದೆ ಜಾಲಿ ಕಡ್ಡಿ ಹಿಡಿದು ಅಂಬಾಸಿಡರಿನ ಬಾನೆಟ್ ಎತ್ತಿದ. ಮೇನೇಜರಿಗೆ ಸ್ಟಾರ್ಟ್ ಮಾಡೆಂದು ಸನ್ನೆ ಮಾಡಿದ. ತಮಾಷೆಗೆಂದು ಅವನು ಧಣಿಯಿಂದ ಕೀ ಇಸಿದುಕೊಂಡು ಮಾಡಿದ. ಖುದ್ದೂಸ್ ಕಡ್ಡಿ ಕಚ್ಚಿದ, ಎರಡು ಕಡೆ ಇಟ್ಟು ನೋಡಿದ, ಉಗುಳಿದ.

“ವಾಟರ್ ಪಂಪಿನ ಬೇರಿಂಗ್ ಹೋಗೈತೆ. ಬಿಸಿಯಾಗಿ ಒಂದ್ಸಲ ಆಗ್ಲೇ ನಿಂತಿರಬೇಕು.”

“ಹೌದಲ್ರೀ ಧಣಿ! ಬೆಳಿಗ್ಗೆ ಬಾತಿ ಊರ ಹತ್ರ ನಿಂತಿತ್ತಲ್ಲ, ಇವನಿಗೆ ಹೆಂಗೆ...” ಎಂದ ಮೇನೇಜರ್, ಧಣಿಯ ನೋಟ ಕಂಡು ಬಾಯಿ ಮುಚ್ಚಿದ.

“ಇದನ್ನೇ ಜಡ್ಜ್ ಸಾಹೇಬ್ರ ಮುಂದೆ ಮಾಡಿಸ್ತೀನಿ,” ಎಂದ ದುರುಗಣ್ಣ. “ಯಾವ ಗಾಡಿ ಬೇಕಾದ್ರೂ ತರ್ಲಿ. ಫಿಲ್ಟರ್ ಸುಟ್ರಿ. ಟರ್ಬೊ ಅಚ್ಚು ಸುಡಾಕೆ ಆಗಲ್ಲ, ಅದನ್ನ ನೀವೇ ಆಗ್ಲೇ ಸುಟ್ಟು ಇಟ್ಟೀರಿ.”

ವಾಗೀಶಪ್ಪ ಸುಂಕಲಮ್ಮನ ಕಡೆ ತಿರುಗಿದಾಗ ಅವರ ದನಿ ಬೆಣ್ಣೆಯಾಗಿತ್ತು. “ವ್ಯಾನು ನಾಲ್ಕಕ್ಕೆ ಬರ್ತೈತೆ ಕಣವ್ವ. ಇಲ್ಲೇ ಇರು. ಇವರ ಮಾತು ಕಿವೀಗೆ ಹಾಕ್ಕಬ್ಯಾಡ.”

ಅವಳು ಅಭ್ಯಾಸದಂತೆ ಬಗ್ಗಿ ಪಾದ ಮುಟ್ಟಿದಳು. ಆದರೆ ಏಳುವಾಗ ಅವಳ ಕಣ್ಣು ಅಗ್ಗಿಷ್ಟಿಕೆಯ ಕಡೆಗಿತ್ತು. ಹೊಸೆದ ಆ ಎಳೆ ಅವಳ ಬೆರಳಿಗೆ ಇನ್ನೂ ಅಂಟಿಕೊಂಡಿತ್ತು.

ಧಣಿ ಮತ್ತು ಮೇನೇಜರ್ ಅಂಬಾಸಿಡರಿನಲ್ಲಿ ಕೂತು ಗಾಜು ಏರಿಸಿಕೊಂಡರು. ಹತ್ತು ಹೆಜ್ಜೆ ದೂರ. ಒಳಗಿನ ಮಾತು ದುರುಗಣ್ಣನ ಎರಡು ಒಳ್ಳೆಯ ಕಿವಿಗೂ ಕೇಳಿಸುವಂತಿರಲಿಲ್ಲ.

ಮೂವತ್ತು ವರ್ಷ ಆ ಮಿಲ್ಲನ್ನು ಆಳಿದ ವಾಗೀಶಪ್ಪ ನೇಯ್ಗೆ ಖಾತೆಯೊಳಗೆ ಒಂದು ದಿನವೂ ಐದು ನಿಮಿಷ ನಿಂತಿರಲಿಲ್ಲ. ಅಲ್ಲಿಯ ಧೂಳು ಅವರ ಅಂಗಿಗೆ ಒಗ್ಗುತ್ತಿರಲಿಲ್ಲ. ತಮ್ಮ ಎಂಟುನೂರು ಮಗ್ಗದ ಆಳುಗಳು ಒಬ್ಬರೊಡನೊಬ್ಬರು ಹೇಗೆ ಮಾತಾಡುತ್ತಿದ್ದರು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಖುದ್ದೂಸ್ ಟರ್ಬೊ ಕಾರಿನ ಬಾನೆಟ್ಟಿನ ಮೇಲೆ ಬಗ್ಗಿ ಸ್ಪ್ಯಾನರ್ ಆಡಿಸುತ್ತಿದ್ದ. ಕಣ್ಣು ಮಾತ್ರ ಎದುರಿನ ಗಾಜಿನ ಮೇಲೆ. ಅವನ ಕೈ ನಿಂತಿತು. ಸ್ಪ್ಯಾನರ್ ಕೆಳಗೆ ಬಿತ್ತು.

ಅಂಬಾಸಿಡರ್ ದಾವಣಗೆರೆಯ ಕಡೆ ತಿರುಗಿ ಹೋಯಿತು.

“ಏನಂದ್ರು?” ಎಂದು ದುರುಗಣ್ಣ ಅವನ ಭುಜ ಹಿಡಿದ.

“ಮೇನೇಜರ್ ಕೇಳಿದ, ವ್ಯಾನು ಎಲ್ಲಿಗೆ ಬಂತು ಅಂತ. ಧಣಿ ಅಂದ್ರು: ಮೂರಕ್ಕೇ ಬಿಟ್ಟೈತೆ, ಈಗ ಇಲ್ಲಿ ದಾಟ್ತೈತೆ. ಹುಬ್ಬಳ್ಳಿಗಲ್ಲ, ಮಿಲ್ಲಿಗೆ.” ಖುದ್ದೂಸನ ಧ್ವನಿ ಒಡೆಯಿತು. “ಆಮೇಲೆ ಅಂದ್ರು: ಬೆಳಿಗ್ಗೆ ಹೆಂಡ್ತಿ ಹತ್ರ ಇಲ್ಲದಾಗ ಮಾಲತೇಶ ಕಣ್ಣು ಬಿಟ್ಟ. ಮೊದಲ್ನೇ ಮಾತಿಗೇ ನನ್ನ ಹೆಸರು ಹೇಳ್ದ.”

ಸುಂಕಲಮ್ಮನ ಕೈಯಿಂದ ಮಂಡಕ್ಕಿ ಜಾರಿ ನೆಲವೆಲ್ಲ ಚೆಲ್ಲಿತು. “ಕಣ್ಣು ಬಿಟ್ರಾ? ನಮ್ಮ ಯಜಮಾನ್ರು ಕಣ್ಣು ಬಿಟ್ರಾ?” ಅವಳು ಕೈಯೆತ್ತಿ ಆಕಾಶಕ್ಕೆ ಮುಗಿದಳು. ಮುಗಿದ ಕೈ ಇಳಿಯುವುದರೊಳಗೆ ಉಳಿದರ್ಧ ಮಾತು ಅವಳಿಗೆ ತಾಗಿತು.

ದಾವಣಗೆರೆಯ ಕಡೆಯಿಂದ ಬಿಳಿ ವ್ಯಾನು ಕಾಣಿಸಿತು.

ಅವಳು ಬಟ್ಟೆಗಂಟು ಎತ್ತಿಕೊಂಡು ರಸ್ತೆಗೆ ಓಡಿದಳು. ಕೈ ಬೀಸಿದಳು, ಸೆರಗು ಬೀಸಿದಳು. ವ್ಯಾನಿನ ಚಾಲಕ ಅವಳನ್ನು ನೋಡಿದ. ನೋಡಿಯೇ ವೇಗ ಹೆಚ್ಚಿಸಿದ. ಧೂಳು ಅವಳ ಮೇಲೆ ಬಂದು ಬಿತ್ತು. ಮುಂದೆ ಹುಬ್ಬಳ್ಳಿ ದಾರಿಯ ಸೇತುವೆಯ ಕಡೆ ಹೋಗಬೇಕಾದದ್ದು ಬಲಕ್ಕೆ ಹೊರಳಿ ಗುತ್ತೂರಿನ ರಸ್ತೆ ಹಿಡಿಯಿತು.

ಶೆಡ್ಡಿನಲ್ಲಿ ಚಕ್ರ ಬಿಚ್ಚಿದ ಒಂದು ಟ್ರ್ಯಾಕ್ಟರ್ ಇತ್ತು, ದುರುಗಣ್ಣನ ಸೈಕಲ್ ಇತ್ತು. ಇನ್ನುಳಿದದ್ದು ಧಣಿಯ ಟರ್ಬೊ ಕಾರು.

“ಓಡ್ತೈತಾ?” ಎಂದ ದುರುಗಣ್ಣ.

“ಓಡ್ತೈತೆ. ಜೋರಾಗಿ ಓಡಿಸಿದ್ರೆ ಅಚ್ಚು ಮುರೀತೈತೆ. ಮುರಿದ್ರೆ ನಾಳೆ ಇನ್‌ಸ್ಪೆಕ್ಟರ್ರಿಗೆ ತೋರಿಸಾಕೆ ಏನೂ ಉಳಿಯಲ್ಲ. ಮುರಿದಿದ್ದು ನಾವೇ ಅಂತಾರೆ. ಮೈಲಪ್ಪಣ್ಣ ಒಳಗೇ.”

ಫಿಲ್ಟರ್ ಬೂದಿಯಾಗಿತ್ತು. ಉಳಿದ ಸಾಕ್ಷಿ ಎರಡೇ: ಈ ಅಚ್ಚು, ವ್ಯಾನಿನಲ್ಲಿರುವ ಮನುಷ್ಯ. ಒಂದನ್ನು ಉಳಿಸಬೇಕಾದರೆ ಇನ್ನೊಂದನ್ನು ಬಿಡಬೇಕು.

ಸುಂಕಲಮ್ಮ ಧೂಳು ಮೆತ್ತಿದ ಮುಖದಲ್ಲಿ ಬಂದು ನಿಂತಳು. “ಸಾಬ್ರೇ,” ಎಂದಳು. ಮುಂದೆ ಮಾತು ಹೊರಡಲಿಲ್ಲ. ಅವಳ ತುಟಿ ಮಾತ್ರ ಆಡಿತು.

ಖುದ್ದೂಸ್ ಓದಿದ. ಆಮೇಲೆ ಬಾಗಿಲು ತೆಗೆದು ಅವಳನ್ನು ಹಿಂದೆ ಕೂಡಿಸಿದ.

“ಮೈಲಪ್ಪಣ್ಣ ಇಲ್ಲಿದ್ದಿದ್ರೆ ಇಷ್ಟೊತ್ತಿಗೆ ಗೇರ್ ಹಾಕಿರ್ತಿದ್ದ. ಕೂಡ್ರಿ ಅಣ್ಣಾರ. ಹಲ್ಲು ಕೊಟ್ಟವನಿಗೆ ಜವಾಬು ನಾನು ಹೇಳ್ತೀನಿ.”

ಖುದ್ದೂಸ್ ಸ್ಟೀರಿಂಗಿನ ಹಿಂದೆ ಕೂತು ಕೀ ತಿರುವಿದ. ಕಾರು ಗುತ್ತೂರಿನ ರಸ್ತೆಗೆ ಹಾರಿತು. ಅವನು ಜಾಲಿ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಸ್ಟೀರಿಂಗಿನ ಬುಡಕ್ಕೆ ಒತ್ತಿ ಹಿಡಿದಿದ್ದ. ಟರ್ಬೊ ಅಳತೊಡಗಿತು, ಅಳು ಏರಿತು, ಕಿರುಚಾಯಿತು. ಮುಂದಿನ ಧೂಳಿನಲ್ಲಿ ವ್ಯಾನು ದೊಡ್ಡದಾಗುತ್ತ ಬಂತು. ನೂರು ಮಾರು. ಐವತ್ತು. ಅದರಾಚೆ ಮಿಲ್ಲಿನ ಗೇಟು, ಐದು ತಿಂಗಳಿಂದ ಬೀಗ ಬಿದ್ದ ಗೇಟು, ಹಾರು ಹೊಡೆದು ತೆರೆದಿತ್ತು.

ಇಪ್ಪತ್ತು ಮಾರು ಉಳಿದಾಗ ಕಿರುಚು ತಟ್ಟನೆ ನಿಂತಿತು.

“ಯಾಕ ಸುಮ್ಮನಾತು?” ಎಂದಳು ಸುಂಕಲಮ್ಮ.

ಖುದ್ದೂಸನಿಗೆ ಅವಳ ಮಾತು ಕೇಳಿಸಲಿಲ್ಲ. ಆದರೆ ಕಡ್ಡಿ ಅವನ ಬಾಯಿಂದ ಕೆಳಗೆ ಬಿತ್ತು. ಅಚ್ಚು ಮುರಿದಿತ್ತು. ಕಾರಿನ ಜೀವ ಇಳಿಯತೊಡಗಿತು, ನೀಲಿ ಹೊಗೆ ಹಿಂದೆ ಮೋಡವಾಯಿತು, ವ್ಯಾನು ಮತ್ತೆ ಚಿಕ್ಕದಾಗತೊಡಗಿತು.

ಆಗ ವ್ಯಾನಿನ ಹಿಂಬಾಗಿಲು ಒಳಗಿನಿಂದ ತೆರೆದುಕೊಂಡಿತು. ಓಡುವ ರಸ್ತೆಯ ಮೇಲೆ ಬ್ಯಾಂಡೇಜು ಸುತ್ತಿದ ಒಂದು ಕೈ ಹೊರಗೆ ಚಾಚಿತು.